ನಿದ್ದೆ ಮಾತ್ರೆ ಬರೆಯುವ ಮೊದಲು ಒಂದು ಮಾತು ಕೇಳಿ

ಮಾನ್ಯ ಸಂಪಾದಕರೇ,

ನಮ್ಮ ಮನೆಯವರು 19 ವರ್ಷ ಸೈನ್ಯದಲ್ಲಿದ್ದು ರಿಟೈರ್ ಆದವರು. ವೈರ್‌ಲೆಸ್ ಸೆಟ್ ಮುಂದೆ ಕೂತು ಮಾಡುವ ಕೆಲಸ ಅವರದು. ಮನೆಗೆ ಬಂದ ಮೇಲೆ 9 ವರ್ಷ ಅವರು ಒಂದೇ ಒಂದು ಫೋನ್ ಎತ್ತಲಿಲ್ಲ. ರಿಂಗ್ ಆದರೆ ಸಾಕು, ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ನಾನು ಅದನ್ನು ಹಟ ಅಂದುಕೊಂಡೆ. ಮಕ್ಕಳು ಅಪ್ಪನಿಗೆ ನಮ್ಮ ಹತ್ತಿರ ಮಾತಾಡೋಕೆ ಇಷ್ಟ ಇಲ್ಲ ಅಂದುಕೊಂಡರು. ನೆಂಟರಂತೂ ಮಿಲಿಟರಿಯವರ ಗತ್ತು ಅಂತ ಮುಖದ ಮೇಲೇ ಹೇಳಿದರು. ಅದು ಕಾಯಿಲೆ ಅಂತ ತಿಳಿಯಲು 9 ವರ್ಷ ಬೇಕಾಯಿತು, ಯಾಕೆಂದರೆ ಅಷ್ಟು ವರ್ಷದಲ್ಲಿ ನಾವು ನೋಡಿದ ಡಾಕ್ಟರುಗಳಲ್ಲಿ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. "ಸೈನ್ಯದಲ್ಲಿದ್ದಾಗ ನಿಮಗೆ ಏನಾದರೂ ಆಗಿತ್ತಾ?" ಅಷ್ಟೇ ಪ್ರಶ್ನೆ.

ಆ ಒಂದು ಪ್ರಶ್ನೆಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾವು ಡಾಕ್ಟರ ಹತ್ತಿರ ಹೋಗದೇ ಇದ್ದವರಲ್ಲ. ಹೊಟ್ಟೆ ಉರಿ ಅಂತ ಹೋದೆವು. ಬಿ.ಪಿ. ಜಾಸ್ತಿ ಅಂತ ಹೋದೆವು. ತಲೆನೋವು, ಭುಜದ ನೋವು, ನಿದ್ದೆ ಇಲ್ಲ, ಸಿಟ್ಟು ತಡೆಯೋಕಾಗಲ್ಲ, ಕುಡಿತ ಜಾಸ್ತಿ ಆಗಿದೆ, ಒಂದೊಂದಕ್ಕೂ ಒಂದೊಂದು ಬಾಗಿಲು ತಟ್ಟಿದೆವು, ಒಂದೊಂದು ಬಾಗಿಲಲ್ಲೂ ಒಂದೊಂದು ಚೀಟಿ ಸಿಕ್ಕಿತು. ಎಲ್ಲಾ ಚೀಟಿ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇಲ್ಲ. ಒಂದು ಆಸ್ಪತ್ರೆಯಲ್ಲಿ ನಿದ್ದೆ ಮಾತ್ರೆ ಕೊಟ್ಟರು. ಮತ್ತೆ ಹೋದಾಗ ಅದೇ ಮಾತ್ರೆ ಸ್ವಲ್ಪ ಜಾಸ್ತಿ ಮಾಡಿ ಕೊಟ್ಟರು. ಹೀಗೇ ವರ್ಷಗಟ್ಟಲೆ ನಡೆಯಿತು. ಮಾತ್ರೆ ತಗೊಂಡರೆ ನಿದ್ದೆ ಬರುತ್ತಿತ್ತು, ಆದರೆ ಕನಸು ನಿಲ್ಲಲಿಲ್ಲ. ಕನಸಿನಿಂದ ಏಳೋಕೂ ಆಗದ ಹಾಗೆ ಮಲಗಿ ನರಳುತ್ತಿದ್ದರು. ಅದನ್ನು ಪಕ್ಕದಲ್ಲಿ ಕೂತು ನೋಡಿದವಳು ನಾನು.

ಕೊನೆಗೆ ಕೇಳಿದ್ದು ಯಾರು ಗೊತ್ತಾ? ಭುಜದ ನೋವಿಗೆ ವ್ಯಾಯಾಮ ಮಾಡಿಸುತ್ತಿದ್ದ ಚಿಕ್ಕ ವಯಸ್ಸಿನ ಹುಡುಗಿ, ಫಿಸಿಯೋಥೆರಪಿಸ್ಟ್. ಪಕ್ಕದ ಮೇಜಿನ ಮೇಲೆ ಯಾರದೋ ಫೋನ್ ರಿಂಗ್ ಆಯಿತು. ಇವರ ಮೈ ಕಲ್ಲಿನ ಹಾಗೆ ಬಿಗಿಯಾಯಿತು. ಆಕೆ ಕೈ ತೆಗೆದು, "ಸರ್, ನೀವು ಮೊದಲು ಏನು ಕೆಲಸ ಮಾಡ್ತಿದ್ರಿ?" ಅಂದಳು. ಹೇಳಿದರು. "ಆಗ ಏನಾದ್ರೂ ಆಗಿತ್ತಾ ಸರ್?" ಅಂದಳು. ಇವರು ಉತ್ತರ ಕೊಡಲಿಲ್ಲ, ಆದರೆ ಎದ್ದೂ ಹೋಗಲಿಲ್ಲ. ಅವತ್ತು ರಾತ್ರಿ ನನಗೆ ಹೇಳಿದರು. ಮದುವೆಯಾಗಿ ಅಷ್ಟು ವರ್ಷವಾದ ಮೇಲೆ ಮೊದಲ ಸಲ.

ಅವರ ಜೊತೆಯವರೊಬ್ಬರು ಗಾಯವಾಗಿ ಬಿದ್ದು ಸೆಟ್‌ನಲ್ಲಿ ಕರೆಯುತ್ತಲೇ ಇದ್ದರಂತೆ. ಇವರು ಈ ಕಡೆಯಿಂದ "ಬರ್ತಾ ಇದ್ದಾರೆ, ಸ್ವಲ್ಪ ತಡ್ಕೋ" ಅಂತ ಹೇಳುತ್ತಲೇ ಇದ್ದರಂತೆ. ಯಾರಿಗೂ ಅಲ್ಲಿಗೆ ತಲುಪಲು ಆಗುವುದಿಲ್ಲ ಅಂತ ಇವರಿಗೆ ಆಗಲೇ ಗೊತ್ತಿತ್ತು. 40 ನಿಮಿಷ ಆದ ಮೇಲೆ ಆ ಕಡೆ ಸದ್ದು ನಿಂತಿತು. ಇದಕ್ಕಿಂತ ಜಾಸ್ತಿ ನಾನು ಬರೆಯುವುದಿಲ್ಲ. ಇಷ್ಟನ್ನೂ ಅವರನ್ನು ಕೇಳಿಯೇ ಬರೆದಿದ್ದೇನೆ.

ಇದರ ಹೆಸರು ಪಿಟಿಎಸ್‌ಡಿ, ಆಘಾತದ ನಂತರದ ಒತ್ತಡದ ಕಾಯಿಲೆ. ಹೆಸರು ಹೊಸದು, ಕಾಯಿಲೆ ಹಳೆಯದು. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಎದೆ ಹೊಡೆದುಕೊಳ್ಳುವುದು, ಉಸಿರು ಸಿಕ್ಕದಿರುವುದು ಕಂಡು ಜೇಕಬ್ ಡ ಕೋಸ್ಟಾ ಎಂಬ ಡಾಕ್ಟರು 1871ರಲ್ಲೇ ಬರೆದಿದ್ದರು. ಆಗ ಅದನ್ನು ಹೃದಯದ ತೊಂದರೆ ಅಂದುಕೊಂಡರು. 1915ರಲ್ಲಿ ಬ್ರಿಟಿಷ್ ಸೈನ್ಯದ ಡಾಕ್ಟರು ಚಾರ್ಲ್ಸ್ ಮಯರ್ಸ್ "ಶೆಲ್ ಶಾಕ್" ಎಂಬ ಮಾತನ್ನು ವೈದ್ಯಕೀಯ ಪತ್ರಿಕೆಗೆ ತಂದರು. ಸಿಡಿಗುಂಡಿನ ಹೊಡೆತಕ್ಕೆ ನರ ಅಲುಗಿರಬೇಕು ಅಂತ ಆಗಿನ ಲೆಕ್ಕ. ಆದರೆ ಗುಂಡಿನ ಹತ್ತಿರಕ್ಕೂ ಹೋಗದವರಿಗೂ ಅದೇ ನಡುಕ ಇತ್ತು. ಅದೇ ಮೊದಲ ಮಹಾಯುದ್ಧದಲ್ಲಿ ಓಡಿಹೋದರು, ಹೇಡಿಗಳು ಅಂತ ಬ್ರಿಟಿಷ್ ಸೈನ್ಯ ತನ್ನವರನ್ನೇ ಗುಂಡಿಟ್ಟು ಕೊಂದಿತು. ಅಂಥ 306 ಜನರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ. ಅವರಲ್ಲಿ ಎಷ್ಟು ಜನ ಕಾಯಿಲೆಯವರಿದ್ದರೋ ಈಗ ಯಾರು ಹೇಳಬೇಕು. ಎರಡನೇ ಮಹಾಯುದ್ಧದಲ್ಲಿ, 1943ರಲ್ಲಿ, ಇಟಲಿಯ ಸಿಸಿಲಿಯಲ್ಲಿ ಅಮೆರಿಕದ ಜನರಲ್ ಪ್ಯಾಟನ್ ಆಸ್ಪತ್ರೆಯಲ್ಲಿದ್ದ ಇಬ್ಬರು ಸೈನಿಕರ ಕೆನ್ನೆಗೆ ಹೊಡೆದರು, ಮೈಮೇಲೆ ಗಾಯ ಇಲ್ಲದೆ ಮಲಗಿದ್ದಾರೆ ಅಂತ. ಕೊನೆಗೆ ವಿಯೆಟ್ನಾಂ ಯುದ್ಧದಿಂದ ಮರಳಿದವರು ಮತ್ತು ಅವರ ಜೊತೆ ನಿಂತ ಕೆಲವು ಮನೋವೈದ್ಯರು ಹಟ ಹಿಡಿದಿದ್ದರಿಂದ 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಈ ಹೆಸರು ಸೇರಿತು.

ಇದನ್ನೆಲ್ಲಾ ಯಾಕೆ ಬರೆದೆ ಅಂದರೆ, ಆ ಕೆನ್ನೆಗೆ ಹೊಡೆಯುವ ಬುದ್ಧಿ ಇನ್ನೂ ಹೋಗಿಲ್ಲ. "ಗಂಡಸಾಗಿ, ಅದೂ ಸೈನಿಕನಾಗಿ ಹೀಗಾ?" ಅನ್ನುವ ಮಾತು ಕೂಡ ಒಂದು ಏಟೇ. ಅದಕ್ಕೆ ಹೆದರಿಯೇ ಇವರು ಬಾಯಿ ಬಿಟ್ಟಿರಲಿಲ್ಲ.

ಈಗ ಪತ್ತೆ ಹಚ್ಚುವ ವಿಷಯಕ್ಕೆ ಬರುತ್ತೇನೆ. ಇದಕ್ಕೆ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ಕೇಳಬೇಕು, ಕೇಳಿದರೆ ಮಾತ್ರ ತಿಳಿಯುತ್ತದೆ. ಮೊದಲ ಹಂತದಲ್ಲಿ ಯಾವ ಡಾಕ್ಟರು, ಯಾವ ನರ್ಸ್ ಬೇಕಾದರೂ ಕೇಳಬಹುದಾದ ಐದು ಪ್ರಶ್ನೆ ಇವೆ. ಅಮೆರಿಕದಲ್ಲಿ ಮಾಜಿ ಸೈನಿಕರ ಇಲಾಖೆಯ ಪಿಟಿಎಸ್‌ಡಿ ಕೇಂದ್ರ ಮಾಡಿಟ್ಟದ್ದು. ನನ್ನ ಮಾತಿನಲ್ಲಿ ಹೇಳುತ್ತೇನೆ. ಭಯಂಕರವಾದ ಒಂದು ಘಟನೆ ನಡೆದಿದೆ ಅಂತಾದರೆ, ಕಳೆದ ಒಂದು ತಿಂಗಳಲ್ಲಿ ಅದರ ಕೆಟ್ಟ ಕನಸು ಬಿತ್ತಾ, ಇಲ್ಲವೇ ಬೇಡ ಅಂದರೂ ನೆನಪು ನುಗ್ಗಿ ಬಂತಾ? ಅದನ್ನು ಯೋಚಿಸಬಾರದು, ಅದನ್ನು ನೆನಪಿಸುವ ಕಡೆ ಹೋಗಬಾರದು ಅಂತ ಕಷ್ಟಪಟ್ಟಿರಾ? ಯಾವಾಗಲೂ ಎಚ್ಚರವಾಗೇ ಇದ್ದು, ಸಣ್ಣ ಸದ್ದಿಗೂ ಬೆಚ್ಚಿಬಿದ್ದಿರಾ? ಜನರಿಂದ, ಕೆಲಸದಿಂದ, ಸುತ್ತಲಿನ ಎಲ್ಲದರಿಂದ ದೂರವಾದ ಹಾಗೆ, ಮನಸ್ಸು ಮರಗಟ್ಟಿದ ಹಾಗೆ ಅನ್ನಿಸಿತಾ? ಆ ಘಟನೆಗೆ ನಾನೇ ಕಾರಣ, ಇಲ್ಲವೇ ಇಂಥವರೇ ಕಾರಣ ಅನ್ನುವ ಯೋಚನೆ ಬಿಡದೆ ಕಾಡಿತಾ? ಹೌದು, ಇಲ್ಲ ಅಂದರೆ ಸಾಕು. ಎರಡು ನಿಮಿಷದ ಕೆಲಸ, ಅಲ್ವಾ?

ಬಹಳಷ್ಟಕ್ಕೆ ಹೌದು ಅಂದರೂ ಅಷ್ಟರಿಂದಲೇ ಕಾಯಿಲೆ ಇದೆ ಅಂತ ತೀರ್ಮಾನ ಮಾಡುವ ಹಾಗಿಲ್ಲ. ಮುಂದೆ ನೋಡಬೇಕು ಅಂತ ಮಾತ್ರ ಅರ್ಥ. ಆಮೇಲೆ 20 ಪ್ರಶ್ನೆಯ ಒಂದು ಪಟ್ಟಿ ಇದೆ, ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ. ಅದನ್ನು ಚಿಕಿತ್ಸೆ ನಡೆಯುವಾಗ ಮತ್ತೆ ಮತ್ತೆ ತುಂಬಿಸಿ ಕಡಿಮೆ ಆಗುತ್ತಿದೆಯಾ ಅಂತ ನೋಡುತ್ತಾರೆ. ಗಟ್ಟಿಯಾಗಿ ತೀರ್ಮಾನ ಮಾಡಬೇಕಾದರೆ ತರಬೇತಿ ಪಡೆದವರು ಎದುರು ಕೂತು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮಾತಾಡಿಸುವ ಸಂದರ್ಶನ ಇದೆ. ಲಕ್ಷಣಗಳು ಒಂದು ತಿಂಗಳಿಗಿಂತ ಜಾಸ್ತಿ ಇರಬೇಕು, ದಿನದ ಬದುಕು ಕೆಟ್ಟಿರಬೇಕು. ಒಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಕಾಯಿಲೆ ಪೂರ್ತಿಯಾಗಿ ಹೊರಗೆ ಬರಲು ಘಟನೆ ಆಗಿ ಆರು ತಿಂಗಳು, ಕೆಲವರಿಗೆ ವರ್ಷಗಳೂ ಆಗಬಹುದು. ಸೇವೆಯಲ್ಲಿದ್ದಾಗ ಚೆನ್ನಾಗೇ ಇದ್ದು ರಿಟೈರ್ ಆದ ಮೇಲೆ ಶುರುವಾದರೆ ನಾಟಕ ಅಂತ ಅಲ್ಲ. ಯೂನಿಟ್, ಡ್ಯೂಟಿ, ಜೊತೆಗಾರರು, ಇವೆಲ್ಲ ಹಿಡಿದಿಟ್ಟಿದ್ದನ್ನು ಖಾಲಿ ಮನೆ ಬಿಟ್ಟುಕೊಟ್ಟಿರುತ್ತದೆ.

ಇನ್ನೊಂದು ತೊಡಕು ಸೈನಿಕರಲ್ಲಿ ಜಾಸ್ತಿ. ಸ್ಫೋಟದ ಹತ್ತಿರ ಇದ್ದವರಿಗೆ ಮಿದುಳಿಗೂ ಪೆಟ್ಟು ಬಿದ್ದಿರಬಹುದು. ತಲೆನೋವು, ಮರೆವು, ಸಿಟ್ಟು, ನಿದ್ದೆಗೇಡು ಎರಡರಲ್ಲೂ ಒಂದೇ ಥರ. ಎರಡೂ ಒಟ್ಟಿಗೇ ಇರಬಹುದು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಖಿನ್ನತೆ, ಕುಡಿತ ಇವೂ ಜೊತೆಗಿರುತ್ತವೆ. ಅದಕ್ಕೇ ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದರೆ ನಮಗಾದ ಹಾಗೆ ಆಗುತ್ತದೆ. ನಮಗೆ ಒಬ್ಬರು "ಮೊದಲು ಕುಡಿತ ಬಿಟ್ಟು ಬನ್ನಿ, ಆಮೇಲೆ ಉಳಿದದ್ದು ನೋಡೋಣ" ಅಂದಿದ್ದರು. ಇವರು ಕುಡಿಯುತ್ತಿದ್ದದ್ದೇ ಆ ಸದ್ದು ಕೇಳಿಸದಿರಲಿ ಅಂತ. ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಡಬೇಕು, ಕುಡಿತ ಇದೆ ಅಂತ ಪಿಟಿಎಸ್‌ಡಿ ಚಿಕಿತ್ಸೆ ತಡೆಹಿಡಿಯಬಾರದು ಅಂತಲೇ ಈಗಿನ ಮಾರ್ಗಸೂಚಿಗಳು ಹೇಳುತ್ತವೆ.

ಸೈನಿಕರೆಲ್ಲರಿಗೂ ಈ ಕಾಯಿಲೆ ಇದೆ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಯುದ್ಧ ನೋಡಿದವರಲ್ಲೂ ಹೆಚ್ಚಿನವರಿಗೆ ಇದು ಬರುವುದಿಲ್ಲ. ಬಂದವರು ಅಪಾಯದ ಜನರೂ ಅಲ್ಲ, ಹಾಗಂತ ಹೇಳಿಯೇ ಎಷ್ಟೋ ಮಂದಿಗೆ ಕೆಲಸ ತಪ್ಪುತ್ತದೆ. ಆದರೆ ಬಂದವರಿಗೆ ತಾನಾಗೇ ಹೋಗುತ್ತದೆ ಅಂತ ಕಾಯುವುದೂ ಸರಿಯಲ್ಲ. ವಿಯೆಟ್ನಾಂ ಯುದ್ಧ ಮುಗಿದು ಸುಮಾರು 40 ವರ್ಷವಾದ ಮೇಲೂ, ಅಲ್ಲಿ ಹೋರಾಡಿ ಬಂದ ಅಮೆರಿಕನ್ನರಲ್ಲಿ ಅಂದಾಜು 2 ಲಕ್ಷ 71 ಸಾವಿರ ಜನರಲ್ಲಿ ಇದು ಪೂರ್ತಿಯಾಗೋ ಅರೆಬರೆಯಾಗೋ ಉಳಿದಿತ್ತು ಅಂತ 2015ರಲ್ಲಿ ಲೆಕ್ಕ ಸಿಕ್ಕಿತು. 40 ವರ್ಷ! ಅಷ್ಟು ಮನೆಗಳಲ್ಲಿ ಅಷ್ಟು ಹೆಂಡತಿಯರು, ಮಕ್ಕಳು.

ಚಿಕಿತ್ಸೆ ಬಗ್ಗೆ ನಾನು ಜಾಸ್ತಿ ಬರೆಯಬೇಕು, ಯಾಕೆಂದರೆ ಇದಕ್ಕೆ ಚಿಕಿತ್ಸೆ ಇದೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ, ಸುಮ್ನೆ ಕೂತು ಕಷ್ಟಸುಖ ಮಾತಾಡುವ ಕೌನ್ಸೆಲಿಂಗ್ ಅಂದುಕೊಂಡಿದ್ದೆವು. ಅದಲ್ಲ. ಇದಕ್ಕೆಂದೇ ಮಾಡಿದ, ಲೆಕ್ಕ ಇಟ್ಟು ನಡೆಸುವ ಮೂರು ವಿಧಾನಗಳ ಹಿಂದೆ ಗಟ್ಟಿ ಆಧಾರ ಇದೆ. ಎಡ್ನಾ ಫೋಆ ರೂಪಿಸಿದ ಪ್ರೊಲಾಂಗ್ಡ್ ಎಕ್ಸ್‌ಪೋಷರ್. ಪೆಟ್ರೀಷಿಯಾ ರೆಸಿಕ್ ಅವರ ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ. ಫ್ರಾನ್ಸೀನ್ ಶಪೀರೋ ಶುರುಮಾಡಿದ ಇಎಂಡಿಆರ್, ಅದರಲ್ಲಿ ನೆನಪನ್ನು ಮನಸ್ಸಿನಲ್ಲಿ ಹಿಡಿದು ಕಣ್ಣನ್ನು ಅತ್ತಿತ್ತ ಆಡಿಸುತ್ತಾರೆ. ಎರಡನೆಯದರಲ್ಲಿ 12 ಸೆಷನ್. "ನನ್ನಿಂದಲೇ ಸತ್ತ" ಅನ್ನುವಂಥ ಸಿಕ್ಕಿಹಾಕಿಕೊಂಡ ಯೋಚನೆಯನ್ನು ಬರೆದು, ಅದಕ್ಕೆ ಆಧಾರ ಏನು, ಆ ಹೊತ್ತಿನಲ್ಲಿ ನಿನ್ನ ಕೈಯಲ್ಲಿ ನಿಜವಾಗಿ ಏನಿತ್ತು ಅಂತ ಒಂದೊಂದಾಗಿ ಬಿಡಿಸುತ್ತಾರೆ.

ಇವರಿಗೆ ಆಗಿದ್ದು ಮೊದಲನೆಯದು. ವಾರಕ್ಕೊಂದು, ಒಂದೂವರೆ ಗಂಟೆ. ಸಾಮಾನ್ಯವಾಗಿ 8ರಿಂದ 15 ಸೆಷನ್ ಇರುತ್ತದೆ. ಅದರ ಹಿಂದಿನ ತರ್ಕ ನನಗೆ ಅರ್ಥವಾದಷ್ಟು ಹೇಳುತ್ತೇನೆ. ಭಯ ಆದಾಗ ಓಡಿಹೋದರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆದರೆ ಓಡಿದ್ದರಿಂದಲೇ ಬದುಕಿದೆ ಅಂತ ಮನಸ್ಸು ಕಲಿಯುತ್ತದೆ, ಮುಂದಿನ ಸಲ ಭಯ ಇನ್ನೂ ದೊಡ್ಡದಾಗುತ್ತದೆ. ಹಾಗಾಗಿ ಓಡದೆ ಅಲ್ಲೇ ಇರುವುದನ್ನು ಸ್ವಲ್ಪಸ್ವಲ್ಪವೇ ಕಲಿಸಬೇಕು. ಎರಡು ಕೆಲಸ ಕೊಟ್ಟರು. ಒಂದು, ಕಣ್ಣುಮುಚ್ಚಿ ಅವತ್ತಿನ ಘಟನೆಯನ್ನು ಈಗ ನಡೆಯುತ್ತಿದೆ ಅನ್ನುವ ಹಾಗೆ ಗಟ್ಟಿಯಾಗಿ ಹೇಳುವುದು, ಮತ್ತೆ ಹೇಳುವುದು, ಅದನ್ನು ರೆಕಾರ್ಡ್ ಮಾಡಿಕೊಂಡು ದಿನಾ ಮನೆಯಲ್ಲಿ ಕೇಳುವುದು. ಎರಡು, ತಪ್ಪಿಸಿಕೊಳ್ಳುವ ವಿಷಯಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಎಷ್ಟು ಹಿಂಸೆ ಅಂತ 0ಯಿಂದ 100ರವರೆಗೆ ಅಂಕ ಹಾಕಿ, ಮೆಟ್ಟಿಲು ಹತ್ತಿದ ಹಾಗೆ ಹತ್ತುವುದು. ನಮ್ಮ ಮನೆಯ ಪಟ್ಟಿಯಲ್ಲಿ ಮೊದಲ ಮೆಟ್ಟಿಲು ಆಫ್ ಮಾಡಿದ ಫೋನನ್ನು ಎದುರಿಗಿಟ್ಟುಕೊಂಡು ಅರ್ಧ ಗಂಟೆ ಕೂರುವುದು. ಆಮೇಲೆ ರೆಕಾರ್ಡ್ ಮಾಡಿದ ರಿಂಗ್ ಕೇಳುವುದು. ಆಮೇಲೆ ನಾನು ಪಕ್ಕದ ಕೋಣೆಯಿಂದ ಹೇಳಿಯೇ ಮಾಡುವ ಕರೆ. ಆಮೇಲೆ ಹೇಳದೆ ಮಾಡುವ ಕರೆ. ಕೊನೆಯ ಮೆಟ್ಟಿಲು 95 ಅಂಕದ್ದು, ಕೆಟ್ಟ ಸಿಗ್ನಲ್‌ನಲ್ಲಿ ಕರಕರ ಅಂತ ತುಂಡುತುಂಡಾಗಿ ಬರುವ ದನಿಗೆ ಉತ್ತರ ಕೊಡುವುದು.

ಈ ಪತ್ರ ಬರೆಯಲಾ ಅಂತ ಕೇಳಿದಾಗ ಅವರು ಹೇಳಿದ್ದು ಒಂದೇ. "ಬರಿ. ಆದ್ರೆ ಮೂರನೇ ಸೆಷನ್ ಬಗ್ಗೆನೂ ಬರಿ, ಸುಲಭ ಅಂತ ಬರೀಬೇಡ." ಮೂರನೇ ಸೆಷನ್ ಮುಗಿಸಿ ಬಂದವರು ಇನ್ನು ಹೋಗಲ್ಲ ಅಂದರು. ಕನಸು ಮೊದಲಿಗಿಂತ ಜಾಸ್ತಿಯಾಗಿತ್ತು, ಊಟ ಬಿಟ್ಟಿದ್ದರು, ನನ್ನ ಮೇಲೆ ಕೂಗಾಡಿದರು. ಐದು ವಾರ ಹೋಗಲಿಲ್ಲ. ಥೆರಪಿಸ್ಟ್ ಬಯ್ಯಲಿಲ್ಲ. ಶುರುವಿನಲ್ಲಿ ಹೀಗೆ ಹೆಚ್ಚಾಗುವುದುಂಟು, ನೀವು ಯಾವತ್ತು ಬಂದರೂ ಅಲ್ಲಿಂದಲೇ ಮುಂದುವರಿಸೋಣ ಅಂತ ಹೇಳಿ ಕಳಿಸಿದರು. ಮಧ್ಯದಲ್ಲಿ ಬಿಡುವವರು ತುಂಬಾ ಜನ. ಬಿಟ್ಟವರನ್ನು ಮತ್ತೆ ಕರೆಯುವವರು ಇರಬೇಕು, ಅದೂ ಚಿಕಿತ್ಸೆಯ ಭಾಗವೇ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಆರನೇ ವಾರ ಅವರಾಗೇ ಹೋದರು.

ಎಲ್ಲರಿಗೂ ಪೂರ್ತಿ ಗುಣವಾಗುತ್ತದೆ ಅಂತಲೂ ಹೇಳಬಾರದು. ಸೈನಿಕರ ಮೇಲೆ ನಡೆದ ಪ್ರಯೋಗಗಳನ್ನು 2015ರಲ್ಲಿ ಒಟ್ಟುಮಾಡಿ ನೋಡಿದಾಗ, ಈ ಮೊದಲ ಎರಡು ಚಿಕಿತ್ಸೆ ಪಡೆದವರಲ್ಲಿ 49ರಿಂದ 70 ಶೇಕಡಾ ಜನರಿಗೆ ಕಾಣುವಷ್ಟು ಸುಧಾರಣೆ ಆಗಿತ್ತು. ಆದರೆ ಮೂರರಲ್ಲಿ ಎರಡು ಪಾಲಿನಷ್ಟು ಜನರಿಗೆ ಚಿಕಿತ್ಸೆ ಮುಗಿದ ಮೇಲೂ ಪಿಟಿಎಸ್‌ಡಿ ಇದೆ ಅಂತಲೇ ಹೇಳಬೇಕಾಗಿತ್ತು. ಇದನ್ನು ಓದಿ ನನಗೆ ಬೇಜಾರಾಗಲಿಲ್ಲ. ರಾತ್ರಿ ನಾಲ್ಕು ಸಲ ಕೂಗಿ ಏಳುತ್ತಿದ್ದವರು ವಾರಕ್ಕೊಮ್ಮೆ ಎದ್ದರೆ ಆ ಮನೆಯವರಿಗೆ ಅದು ಎಷ್ಟು ದೊಡ್ಡದು ಅಂತ ನನಗೆ ಗೊತ್ತು.

ಮಾತ್ರೆ ಬೇಡವೇ ಬೇಡ ಅಂತ ಅಲ್ಲ. ಸರ್ಟ್ರಾಲಿನ್, ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಇವು ಕೆಲವರಿಗೆ ಉಪಯೋಗಕ್ಕೆ ಬರುತ್ತವೆ, ಥೆರಪಿ ಸಿಗದ ಕಡೆ ಅಥವಾ ಬೇಡ ಅನ್ನುವವರಿಗೆ ಅದೊಂದು ದಾರಿ. ಇವು ಕೆಲಸ ಮಾಡಲು ವಾರಗಳು ಬೇಕು, ಡಾಕ್ಟರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು. ನನ್ನ ತಕರಾರು ಬೆಂಜೊಡಯಜಪೀನ್ ಜಾತಿಯ ಮಾತ್ರೆಗಳ ಮೇಲೆ, ಅಂದರೆ ಅಲ್ಪ್ರಾಜೊಲಾಮ್, ಡಯಜೆಪಾಮ್, ಕ್ಲೊನಾಜೆಪಾಮ್ ಥರದವು. ಪಿಟಿಎಸ್‌ಡಿಗೆ ಇವನ್ನು ಕೊಡಬೇಡಿ ಅಂತ ಅಮೆರಿಕದ ಮಾಜಿ ಸೈನಿಕರ ಇಲಾಖೆ ಮತ್ತು ರಕ್ಷಣಾ ಇಲಾಖೆಯ 2023ರ ಮಾರ್ಗಸೂಚಿಯೇ ಹೇಳುತ್ತದೆ. ಅಭ್ಯಾಸ ಹಿಡಿಯುತ್ತದೆ, ಕುಡಿತದ ಜೊತೆ ಸೇರಿದರೆ ಜೀವಕ್ಕೇ ಅಪಾಯ. ಇವರ ಚೀಟಿಯಲ್ಲಿ ವರ್ಷಗಟ್ಟಲೆ ಇದ್ದದ್ದು ಇದೇ ಜಾತಿಯದು. ಈಗಾಗಲೇ ತಗೊಳ್ಳುತ್ತಿರುವವರು ಈ ಪತ್ರ ಓದಿ ನಾಳೆಯೇ ಬಿಡಬೇಡಿ, ಅದೂ ಅಪಾಯ. ಇವರಿಗೆ ಡಾಕ್ಟರು ನಿಧಾನವಾಗಿ, ತಿಂಗಳುಗಳ ಕಾಲ ಇಳಿಸಿ ಬಿಡಿಸಿದರು.

ಭಯಕ್ಕೆ ಮದ್ದಿದೆ, ಆದರೆ ಇವರ ವಿಷಯದಲ್ಲಿ ಅಡಿಯಲ್ಲಿ ಇದ್ದದ್ದು ಭಯ ಅಲ್ಲ. "ನಾನು ಅವನಿಗೆ ಸುಳ್ಳು ಹೇಳಿದೆ" ಅನ್ನುವುದು. ವಿಯೆಟ್ನಾಂ ಸೈನಿಕರಿಗೆ ಚಿಕಿತ್ಸೆ ಕೊಟ್ಟ ಜೊನಾಥನ್ ಶೇ ಎಂಬ ಮನೋವೈದ್ಯರು ಇಂಥದ್ದನ್ನು ನೈತಿಕ ಗಾಯ ಅಂತ ಕರೆದರು. ಅವರು ಮುಖ್ಯವಾಗಿ ಮೇಲಿನವರು ಮಾಡಿದ ದ್ರೋಹದ ಬಗ್ಗೆ ಹೇಳಿದ್ದರು, ಆಮೇಲೆ ಬಂದವರು ತಾನೇ ಮಾಡಿದ, ಮಾಡಲಾಗದೆ ಹೋದ ಕೆಲಸಗಳ ನೋವನ್ನೂ ಅದಕ್ಕೆ ಸೇರಿಸಿದರು. "ನಿಮ್ಮ ತಪ್ಪೇನೂ ಇಲ್ಲ" ಅಂತ ನಾನು ನೂರು ಸಲ ಹೇಳಿದ್ದೆ. ಒಂದು ಸಲವೂ ಒಳಗೆ ಇಳಿಯಲಿಲ್ಲ. ಥೆರಪಿಸ್ಟ್ ಹಾಗೆ ಹೇಳಲೇ ಇಲ್ಲವಂತೆ. "ಆ 40 ನಿಮಿಷ ನೀವು ಸೆಟ್ ಬಿಟ್ಟು ಎದ್ದು ಹೋಗಬಹುದಿತ್ತು. ಯಾಕೆ ಹೋಗಲಿಲ್ಲ?" ಅಂತ ಕೇಳಿದರಂತೆ. ಇವರು ತುಂಬಾ ಹೊತ್ತು ಸುಮ್ಮನಿದ್ದು, "ಅವನು ಒಬ್ಬನೇ ಆಗಬಾರದಿತ್ತು" ಅಂದರಂತೆ. ಅವತ್ತು ಮನೆಗೆ ಬಂದು ನನಗೂ ಅದನ್ನೇ ಹೇಳಿ ಅತ್ತರು.

ಮನೆಯವರಿಗೆ ಎರಡು ಮಾತು. ಕನಸಿನಲ್ಲಿ ಕೂಗುವಾಗ ಮುಟ್ಟಿ ಅಲುಗಿಸಬೇಡಿ, ಸ್ವಲ್ಪ ದೂರ ನಿಂತು ಹೆಸರು ಹಿಡಿದು ಕರೆಯಿರಿ, ದೀಪ ಹಾಕಿ. "ಎಷ್ಟು ಜನರನ್ನು ಕೊಂದಿದ್ದೀರಿ?" ಅಂತ ನಗುತ್ತಾ ಕೇಳುವ ನೆಂಟರನ್ನು ಅಲ್ಲೇ ತಡೆಯಿರಿ. ಇನ್ನು ಬದುಕಿದ್ದು ಏನು ಪ್ರಯೋಜನ ಅನ್ನುವಂಥ ಮಾತು ಬಂದರೆ, ಸಾಯಬೇಕು ಅನ್ನಿಸುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಮನೆಯಲ್ಲಿ ಆಯುಧ, ಮಾತ್ರೆ ಕೈಗೆ ಸಿಗದ ಹಾಗೆ ಮಾಡಿ, ಒಬ್ಬರನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಡಾಕ್ಟರುಗಳಲ್ಲಿ ಕೇಳುವುದು ಒಂದೇ. ಚೀಟಿಯಲ್ಲಿ ವಯಸ್ಸು, ತೂಕ, ಬಿ.ಪಿ. ಬರೆಯುವ ಹಾಗೆ, ಮೊದಲು ಏನು ಕೆಲಸದಲ್ಲಿದ್ದಿರಿ ಅಂತಲೂ ಬರೆಯಿರಿ. ಸೈನ್ಯ ಅಂದರೆ ಪೆನ್ ಕೆಳಗಿಟ್ಟು ಆ ಐದು ಪ್ರಶ್ನೆ ಕೇಳಿ. ಮೊದಲ ಸಲ "ಅಂಥದ್ದೇನೂ ಇಲ್ಲ" ಅನ್ನುತ್ತಾರೆ. ಮುಂದಿನ ಸಲ ಬಂದಾಗ ಮತ್ತೆ ಕೇಳಿ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ ಇದೆ. ಮಾಜಿ ಸೈನಿಕರ ಸುದ್ದಿ ಬಂದಾಗಲೆಲ್ಲ ಪಕ್ಕದಲ್ಲಿ ಒಂದು ಸಣ್ಣ ಚೌಕದಲ್ಲಿ ಆ ಐದು ಪ್ರಶ್ನೆಗಳನ್ನು ಹಾಕಿ. ಸೈನಿಕರು ಓದದಿದ್ದರೂ ಅವರ ಮನೆಯವರು ಕತ್ತರಿಸಿ ಇಟ್ಟುಕೊಳ್ಳುತ್ತಾರೆ.

ಪತ್ರದ ಬಗ್ಗೆ ಏನಾದರೂ ಕೇಳುವುದಿದ್ದರೆ ಅಂತ ಮನೆಯ ನಂಬರನ್ನು ಬೇರೆ ಕಾಗದದಲ್ಲಿ ಬರೆದು ಇಟ್ಟಿದ್ದೇನೆ, ಅದನ್ನು ಪ್ರಕಟಿಸಬೇಡಿ. ಬೆಳಿಗ್ಗೆ ಹೊತ್ತು ನಾನು ಇರುವುದಿಲ್ಲ. ಆಗ ಮಾಡಿದರೆ ಅವರೇ ಎತ್ತುತ್ತಾರೆ. ಸ್ವಲ್ಪ ತಡವಾಗಬಹುದು, ನಾಲ್ಕೈದು ರಿಂಗ್ ಆಗುವವರೆಗೆ ಇಡಬೇಡಿ.

ಇಂತಿ,
ಒಬ್ಬ ಮಾಜಿ ಸೈನಿಕರ ಹೆಂಡತಿ